ಆ ಮನೆಗೆ ಈ ತಿಂಗಳು ಯಾರು ಹೋಗಿದ್ದರು?

ಕೇಳುಗರಿಗೆ ನಮಸ್ಕಾರ. ‘ಪಂಚಾಯ್ತಿ ಮತ್ತು ಆರೋಗ್ಯ’ ಅಂತ ನನಗೆ ವಿಷಯ ಕೊಟ್ಟಿದ್ದಾರೆ. ವಿಷಯ ದೊಡ್ಡದು, ಸಮಯ ಕಡಿಮೆ. ಹಾಗಾಗಿ ಗ್ರಾಮ ಪಂಚಾಯ್ತಿ ಸದಸ್ಯರು ಯಾರು ಕೇಳುತ್ತಿದ್ದೀರೋ, ನಿಮ್ಮ ಜೊತೆಗೇ ಮಾತಾಡಿಬಿಡುತ್ತೇನೆ.

ನಿಮ್ಮ ತಿಂಗಳ ಸಾಮಾನ್ಯ ಸಭೆಯಲ್ಲಿ ಏನೇನು ಬರುತ್ತದೆ? ಬೀದಿದೀಪ, ಚರಂಡಿ, ಬೋರ್‌ವೆಲ್ ಮೋಟಾರು, ಬಿಲ್ಲು. ಆರೋಗ್ಯ ಅಂದರೆ ಫಾಗಿಂಗ್, ಅಲ್ಲಿಗೆ ಮುಗಿಯಿತು. ನಿಮ್ಮ ವಾರ್ಡಿನ ಯಾವುದೋ ಮನೆಯ ಒಳಕೋಣೆಯಲ್ಲಿ ಲಕ್ವ ಹೊಡೆದು ಮಲಗಿದವರ ಮಾತು ಬರುವುದೇ ಇಲ್ಲ. ಹೇಗೆ ಬಂದೀತು? ಅವರು ಸಭೆಗೆ ಎದ್ದು ಬರಲಾರರು. ನೋಡಿಕೊಳ್ಳುವ ಹೆಂಡತಿಗೋ ಸೊಸೆಗೋ ಅರ್ಧ ಗಂಟೆ ಮನೆ ಬಿಡುವ ಹಾಗಿಲ್ಲ. ಅರ್ಜಿ ಇಲ್ಲ, ಆದ್ದರಿಂದ ಅಜೆಂಡಾದಲ್ಲೂ ಇಲ್ಲ.

ಇವತ್ತು ನಾನು ಹೇಳುವುದು ಒಂದೇ ಮಾತು. ಪ್ರತಿ ಸಭೆಯಲ್ಲೂ ಒಂದು ಪ್ರಶ್ನೆ ಕೇಳಿ: ಆ ಮನೆಗೆ ಈ ತಿಂಗಳು ಯಾರು ಹೋಗಿದ್ದರು?

‘ಡಾಕ್ಟರು, ಸಿಸ್ಟರು ನಮ್ಮ ಕೈಕೆಳಗೆ ಇಲ್ಲವಲ್ಲ’ ಅನ್ನುತ್ತೀರಿ. ಗೊತ್ತು. ಆದರೆ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳನ್ನು ಪಂಚಾಯ್ತಿಗಳ ಪಾಲಿಗೆ ಇಟ್ಟಿದೆ. 23ನೆಯದು ಆರೋಗ್ಯ, ನೈರ್ಮಲ್ಯ, ಪ್ರಾಥಮಿಕ ಆರೋಗ್ಯ ಕೇಂದ್ರ. 26ನೆಯದು ಸಮಾಜ ಕಲ್ಯಾಣ, ಅದರೊಳಗೆ ಅಂಗವಿಕಲರ ಕಲ್ಯಾಣ. ನೀವು ಇಂಜೆಕ್ಷನ್ ಕೊಡಬೇಕು ಅಂತ ಯಾರೂ ಹೇಳುತ್ತಿಲ್ಲ. ಕೇಳಬೇಕು, ಅಷ್ಟೆ.

ಪಕ್ಕದ ಕೇರಳದಲ್ಲಿ ಇದು ಹೇಗೆ ನಡೆಯಿತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 1993ರಲ್ಲಿ ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಕ್ಯಾನ್ಸರ್ ನೋವಿನವರಿಗಾಗಿ ಒಂದು ಸಣ್ಣ ಹೊರರೋಗಿ ವಿಭಾಗ ಶುರುವಾಯಿತು. ಔಷಧಿ ಇತ್ತು, ವೈದ್ಯರಿದ್ದರು. ತೊಡಕು ಏನೆಂದರೆ, ಯಾರಿಗೆ ಅದು ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರಿಗೆ ಬಸ್ಸು ಹತ್ತಿ ಬರಲು ಆಗುತ್ತಿರಲಿಲ್ಲ. ಸರಿ, ನಾವೇ ಮನೆಗೆ ಹೋಗೋಣ ಅಂದರೆ ಎಷ್ಟು ವೈದ್ಯರು ಎಷ್ಟು ಊರಿಗೆ ಹೋದಾರು? ಆಗ ಮಲಪ್ಪುರಂ ಜಿಲ್ಲೆಯಲ್ಲಿ ಲೆಕ್ಕವನ್ನೇ ತಿರುಗಿಸಿದರು. ವಾರಕ್ಕೆ ಎರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲ ಊರಿನವರನ್ನು ಸೇರಿಸಿದರು. 16 ಗಂಟೆಯ ಪಾಠ, ಮೇಲೆ ನಾಲ್ಕು ದಿನ ತಂಡದ ಜೊತೆ ಪ್ರತ್ಯಕ್ಷ ಕೆಲಸ. ಹತ್ತು ಹದಿನೈದು ಜನರ ಗುಂಪು ತನ್ನ ಊರಿನಲ್ಲಿ ಯಾರು ಮಲಗಿದ್ದಾರೆ ಅಂತ ಪಟ್ಟಿ ಮಾಡಿತು. ಹುಣ್ಣು ತೊಳೆಯುವುದು, ಮೂತ್ರದ ಪೈಪ್ ಬದಲಿಸುವುದು ನರ್ಸಿನ ಕೆಲಸ. ಆ ಮನೆಯಲ್ಲಿ ಅಕ್ಕಿ ಇದೆಯೇ, ಮಗು ಸ್ಕೂಲಿಗೆ ಹೋಗುತ್ತಿದೆಯೇ ಅಂತ ನೋಡುವುದು ಗುಂಪಿನ ಕೆಲಸ. ಹಣ ಬಹುಪಾಲು ಊರಿನವರ ಚಿಲ್ಲರೆ ದೇಣಿಗೆಯಿಂದಲೇ ಬಂತು.

2008ರಲ್ಲಿ ಕೇರಳ ಸರ್ಕಾರ ಇದನ್ನೇ ರಾಜ್ಯದ ನೀತಿ ಮಾಡಿತು. ಆಮೇಲೆ ಪಂಚಾಯ್ತಿಗಳು ತಮ್ಮ ಯೋಜನಾ ಹಣದಿಂದಲೇ ತರಬೇತಿ ಪಡೆದ ನರ್ಸನ್ನು ಇಟ್ಟುಕೊಂಡವು. ಆಕೆಯ ಜೊತೆ ಜೀಪಿನಲ್ಲಿ ಆಶಾ, ಸ್ವಯಂಸೇವಕರು, ಕೆಲವು ಸಲ ವಾರ್ಡ್ ಸದಸ್ಯರೂ ಹೋಗುತ್ತಾರೆ. ಗಡಿ ದಾಟಿದರೆ ಸಾಕು, ಕಾಸರಗೋಡಿನ ಕನ್ನಡದ ಮನೆಗಳಿರುವ ಪಂಚಾಯ್ತಿಗಳಲ್ಲೂ ಇದೇ ವ್ಯವಸ್ಥೆ. ಅಲ್ಲಿ ಸದಸ್ಯರು ಸಭೆಯಲ್ಲಿ ನರ್ಸಿನ ಡೈರಿ ಕೇಳಬಹುದು. ನಮ್ಮಲ್ಲಿ ಕೇಳಲು ಡೈರಿಯೇ ಇಲ್ಲ.

ಹಾಗಾದರೆ ಡೈರಿಯಿಂದಲೇ ಶುರು ಮಾಡಿ. ನಮ್ಮ ರಾಜ್ಯದ ಪಂಚಾಯ್ತಿ ಕಾಯ್ದೆಯ ಪ್ರಕಾರ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಅಂದರೆ ನಿಮ್ಮ ಪಾಲಿಗೆ ನೂರರ ಆಸುಪಾಸು ಮನೆ. ದಿನಕ್ಕೆ ಹತ್ತು ಮನೆಯಂತೆ ಹತ್ತು ದಿನ. ಚುನಾವಣೆಯಲ್ಲಿ ಇದಕ್ಕಿಂತ ಹೆಚ್ಚು ಸುತ್ತಿದ್ದೀರಿ! ಪಿಂಚಣಿ ಪಟ್ಟಿ ಹಿಡಿದುಕೊಂಡು ಹೋಗಬೇಡಿ, ಅಲ್ಲೇ ತಪ್ಪುವುದು. ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದ ಮೂವತ್ತರ ಹುಡುಗ ವೃದ್ಧಾಪ್ಯದ ಪಟ್ಟಿಯಲ್ಲಿ ಸಿಗುವುದಿಲ್ಲ. ಮಾನಸಿಕ ಕಾಯಿಲೆಯವರನ್ನು ಮನೆಯವರೇ ಮುಚ್ಚಿಡುತ್ತಾರೆ. ಪ್ರತಿ ಮನೆಯಲ್ಲೂ ‘ತಾವಾಗಿ ಎದ್ದು ಬಚ್ಚಲಿಗೆ ಹೋಗಲಾರದವರು ಯಾರಾದರೂ ಇದ್ದಾರಾ?’ ಅಂತ ಕೇಳಿ.

ಒಬ್ಬರಿಗೆ ಒಂದು ಪುಟ. ಹೆಸರು, ವಯಸ್ಸು, ಯಾವಾಗಿನಿಂದ ಮಲಗಿದ್ದಾರೆ, ನೋಡಿಕೊಳ್ಳುವವರು ಯಾರು, ಅವರಿಗೆ ಹುಷಾರು ತಪ್ಪಿದರೆ ಮುಂದೆ ಯಾರು. ಮೂತ್ರದ ಪೈಪ್ ಇದ್ದರೆ ಹಾಕಿದ ತಾರೀಖು. ಸಾಮಾನ್ಯ ರಬ್ಬರ್ ಪೈಪನ್ನು ಮೂರು ನಾಲ್ಕು ವಾರದೊಳಗೆ ಬದಲಿಸಬೇಕು. ಬಿಟ್ಟರೆ ಕಟ್ಟಿಕೊಳ್ಳುತ್ತದೆ, ಸೋಂಕಾಗುತ್ತದೆ, ಜ್ವರ ಬರುತ್ತದೆ. ಚೀಲ ಸದಾ ಸೊಂಟಕ್ಕಿಂತ ಕೆಳಗಿರಬೇಕು. ಸೊಂಟ, ಹಿಮ್ಮಡಿಯಲ್ಲಿ ಹುಣ್ಣಿದೆಯೇ ಅಂತ ಒಂದು ಕಾಲಂ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣು ಬರುವ ಅಪಾಯ ಹೆಚ್ಚು. ಆಮೇಲೆ ಪಿಂಚಣಿ ಯಾವ ತಿಂಗಳವರೆಗೆ ಬಂದಿದೆ. ಕೊನೆಯ ಕಾಲಂ ಮುಖ್ಯ: ಯಾರು ಹೋಗಿದ್ದರು, ಯಾವ ದಿನ. ಫೋನ್ ಮಾಡಿ ‘ಚೆನ್ನಾಗಿದ್ದಾರಂತೆ’ ಅಂತ ಬರೆದರೆ ಅದು ಲೆಕ್ಕಕ್ಕಿಲ್ಲ. ಹುಣ್ಣು ಫೋನಿನಲ್ಲಿ ಕಾಣುವುದಿಲ್ಲ.

ಹೋಗುವವರು ಯಾರು? ಇದ್ದಾರೆ. ಅಂಗವಿಕಲರಿಗಾಗಿ ನಿಮ್ಮ ಪಂಚಾಯ್ತಿಯಲ್ಲೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ನೀವು ವಿಆರ್‌ಡಬ್ಲ್ಯೂ ಅನ್ನುವವರು. ಅವರಿಗೆ ಕಂಪ್ಯೂಟರ್ ಕೆಲಸ ಹಚ್ಚಿ ಕೂರಿಸಬೇಡಿ. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ. ಉಪಕೇಂದ್ರವನ್ನೇ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅನ್ನುತ್ತಾರೆ, ಅದರ 12 ಸೇವೆಗಳಲ್ಲಿ ವೃದ್ಧರ ಆರೈಕೆ, ಹಾಸಿಗೆ ಹಿಡಿದವರ ಆರೈಕೆ ಎರಡೂ ಸೇರಿವೆ. ಎಲ್ಲವನ್ನೂ ಆಶಾ ತಲೆಗೆ ಕಟ್ಟಬೇಡಿ, ದಯವಿಟ್ಟು. ತಿಂಗಳಿಗೊಮ್ಮೆ ಇವರನ್ನು ಸಭೆಗೆ ಕರೆದು ಪುಟ ತಿರುವಿ ಕೇಳಿ: ಆ ಮನೆಗೆ ಈ ತಿಂಗಳು ಯಾರು ಹೋಗಿದ್ದರು? ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಹೆಸರು ಮತ್ತು ತಾರೀಖಿನ ಸಮೇತ. ‘ಚರ್ಚಿಸಲಾಯಿತು’ ಅಂತ ಒಂದು ಪದ ಬರೆದರೆ ಯಾರೂ ಹೋಗುವುದಿಲ್ಲ. ಗ್ರಾಮ ಸಭೆಯಲ್ಲಿ ಮಾತ್ರ ಹೆಸರು, ಕಾಯಿಲೆ ಓದಬೇಡಿ. ಎಷ್ಟು ಜನ, ಎಷ್ಟು ಭೇಟಿ, ಅಷ್ಟು ಸಾಕು.

ಇನ್ನು ಹಣ. ಸಮಯ ಆಗುತ್ತಾ ಬಂತು, ಬೇಗ ಹೇಳುತ್ತೇನೆ. ಪಂಚಾಯ್ತಿಯ ಸ್ವಂತ ಸಂಪನ್ಮೂಲದಲ್ಲಿ ಶೇ. 5 ಅಂಗವಿಕಲರಿಗೆ ಮೀಸಲು. ಅದರಲ್ಲಿ ವೀಲ್‌ಚೇರ್ ಕೊಡುವ ಮೊದಲು ಬಾಗಿಲು ಅಳೆಯಿರಿ. ಗಾಲಿಕುರ್ಚಿ ಸಾಮಾನ್ಯವಾಗಿ ಎರಡು ಅಡಿಗಿಂತ ತುಸು ಅಗಲ, ಹಳ್ಳಿಮನೆಯ ಒಳಬಾಗಿಲು ಎಷ್ಟೋ ಕಡೆ ಅಷ್ಟಿರುವುದಿಲ್ಲ. ಫೋಟೋ ತೆಗೆಸಿಕೊಂಡ ಕುರ್ಚಿ ಜಗಲಿಯಲ್ಲೇ ತುಕ್ಕು ಹಿಡಿಯುತ್ತದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಬರುತ್ತದೆ. ಅದರ ಅಧ್ಯಕ್ಷರು ಪಂಚಾಯ್ತಿ ಸದಸ್ಯರೇ. ಹತ್ತಿ, ಗಾಜ್, ಆಸ್ಪತ್ರೆಗೆ ಗಾಡಿ ಬಾಡಿಗೆ, ಇಂಥದ್ದಕ್ಕೆ ಅದು ಒದಗುತ್ತದೆ.

  

ಪಿಂಚಣಿ ನಿಂತಿದ್ದರೆ ಮೊದಲು ಬ್ಯಾಂಕಿನಲ್ಲಿ ಆಧಾರ್ ಜೋಡಣೆ ನೋಡಿಸಿ, ಆಮೇಲೆ ನಾಡಕಚೇರಿ. ಮಕ್ಕಳು ನೋಡಿಕೊಳ್ಳದಿದ್ದರೆ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು, ವಕೀಲರು ಬೇಕಿಲ್ಲ. ಹಿರಿಯರ ಸಹಾಯವಾಣಿ 14567, ಕರೆ ಉಚಿತ. ಈ ಸಂಖ್ಯೆಯನ್ನು ಪಂಚಾಯ್ತಿ ಗೋಡೆಯ ಮೇಲೆ ಬರೆಸಿ. ಅದಕ್ಕಿಂತ ಮೊದಲು, ಮಲಗಿದವರ ಮನೆಯೊಳಗೆ ಕಣ್ಣಿಗೆ ಬೀಳುವ ಕಡೆ ದೊಡ್ಡದಾಗಿ ಬರೆದು ಅಂಟಿಸಿ ಬನ್ನಿ. ನಮಸ್ಕಾರ.