ನಮ್ಮೂರಿನ ಸಂಶೋಧನೆ ನಮಗೂ ಸಿಗಲಿ

ಕೇಳುಗರಿಗೆ ನಮಸ್ಕಾರ.

ಎಂಡೋಸಲ್ಫಾನ್ ಎಂಬ ಕೀಟನಾಶಕ ಏನು ಮಾಡಿತು ಎಂದು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಆಕಾಶದಿಂದ ಇಪ್ಪತ್ತು ವರ್ಷಕ್ಕೂ ಜಾಸ್ತಿ ಸುರಿದ ವಿಷ ಅದು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿಗೆ ಬಂದು, ತೋಟದ ತಪ್ಪಲಿನ ಹಳ್ಳಿಯ 117 ಶಾಲಾ ಹುಡುಗರನ್ನು ಪರೀಕ್ಷಿಸಿದರು. ಬೇರೆ ಕಡೆಯ 90 ಹುಡುಗರೊಂದಿಗೆ ಹೋಲಿಸಿದರು. ವಿಷ ತಾಗಿದ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಬಹುದು ಎಂದು 2003ರಲ್ಲಿ ಬರೆದರು. ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್’ ಎಂಬ ಪತ್ರಿಕೆಯಲ್ಲಿ ಬಂದ ಆ ಲೇಖನವನ್ನು ಪೆರ್ಲದಲ್ಲಿ ಕೂತು ಮೊಬೈಲಿನಲ್ಲೇ ಓದಬಹುದು. ಒಂದು ಪೈಸೆ ಖರ್ಚಿಲ್ಲ. ಆದರೆ ಇಂಗ್ಲಿಷಿನಲ್ಲಿದೆ. ಇಂಥ ಲೇಖನದ ಜೊತೆ ಕನ್ನಡದಲ್ಲಿ, ಮಲಯಾಳದಲ್ಲಿ ಒಂದೊಂದು ಪುಟದ ಸಾರಾಂಶ ಇದ್ದರೆ ಆ ಮಕ್ಕಳ ತಾಯಂದಿರೂ ಓದಬಹುದು, ಅಲ್ವಾ?

ಎಲ್ಲ ಲೇಖನಗಳೂ ಹೀಗೆ ಪುಕ್ಕಟೆ ಸಿಗುವುದಿಲ್ಲ. ಸಂಶೋಧನೆ ಎಷ್ಟೋ ಸಲ ಸರ್ಕಾರದ ದುಡ್ಡಿನಲ್ಲಿ ನಡೆಯುತ್ತದೆ. ಬರೆದವರಿಗೂ, ತಪ್ಪು ಒಪ್ಪು ನೋಡಿಕೊಟ್ಟ ವಿದ್ವಾಂಸರಿಗೂ ಸಾಮಾನ್ಯವಾಗಿ ಸಂಭಾವನೆ ಇಲ್ಲ. ಕೊನೆಗೆ ಓದಲು ಹೋದರೆ ಪ್ರಕಾಶಕರು ಹಣ ಕೇಳುತ್ತಾರೆ. ಇದು ನ್ಯಾಯ ಅಲ್ಲ. ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ 1991ರಲ್ಲೇ ‘ಆರ್ಕೈವ್’ ಎಂಬ ಲೇಖನ ಭಂಡಾರ ಶುರು ಮಾಡಿ, ಅಚ್ಚಿಗೆ ಮೊದಲೇ ಲೇಖನವನ್ನು ಪುಕ್ಕಟೆ ಹಂಚಿಕೊಳ್ಳುವ ದಾರಿ ತೋರಿಸಿದರು. ಎಲ್ಲ ವಿಷಯಗಳ ಸಂಶೋಧನಾ ಲೇಖನಗಳೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗಬೇಕು ಎಂದು 2002ರ ಬುಡಾಪೆಸ್ಟ್ ಘೋಷಣೆ ಹೇಳಿತು. ಈಗ ಕೆಲವು ಪತ್ರಿಕೆಗಳು ಓದುಗರನ್ನು ಬಿಟ್ಟು ಬರೆದವರಿಂದಲೇ ದುಡ್ಡು ಕೇಳುತ್ತಿವೆ. ತಪ್ಪು ಒಪ್ಪು ನೋಡದೆಯೇ ‘ವಾರದಲ್ಲಿ ಪ್ರಕಟಿಸಿ ಕೊಡುತ್ತೇವೆ, ದುಡ್ಡು ಹಾಕಿ’ ಎನ್ನುವವರೂ ಇದ್ದಾರೆ. ಅವರ ಹತ್ತಿರ ದಯವಿಟ್ಟು ಹೋಗಬೇಡಿ.

2025ರಿಂದ ಕೇಂದ್ರ ಸರ್ಕಾರ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ತಂದಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಚಂದಾ ಸರ್ಕಾರವೇ ಕಟ್ಟಿ, ಸುಮಾರು 13,000 ಸಂಶೋಧನಾ ಪತ್ರಿಕೆಗಳನ್ನು ಓದಲು ಕೊಡುತ್ತದೆ. ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ದೊಡ್ಡ ಅನುಕೂಲ. ಆದರೆ ಬದಿಯಡ್ಕದಲ್ಲಿ ಕ್ಲಿನಿಕ್ ಇಟ್ಟ ಡಾಕ್ಟರಿಗೆ, ಅಡಿಕೆ ಬೆಳೆಗಾರರಿಗೆ ಬಾಗಿಲು ಮುಚ್ಚಿಯೇ ಇದೆ.

ಇನ್ನು ನಮ್ಮ ಕನ್ನಡದ ಮಾತು. ನನಗೆ ಹೆಚ್ಚು ಸಂಕಟ ಇಲ್ಲಿಯೇ. ‘ಶೋಧಗಂಗಾ’ ಎಂಬ ಜಾಲತಾಣದಲ್ಲಿ ಪಿಎಚ್‌ಡಿ ಪ್ರಬಂಧಗಳನ್ನು ಯಾರು ಬೇಕಾದರೂ ಓದಬಹುದು. ಕನ್ನಡದವೂ ಇವೆ. ಆದರೆ ಎಷ್ಟೋ ಪ್ರಬಂಧಗಳು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿವೆ, ಇಲ್ಲವೇ ಸುಮ್ನೆ ಸ್ಕ್ಯಾನ್ ಮಾಡಿದ ಚಿತ್ರಗಳು. ‘ಮಂಜೇಶ್ವರ’ ಎಂದು ಹುಡುಕಿದರೆ ಒಳಗಿರುವ ಮಂಜೇಶ್ವರ ಸಿಗುವುದಿಲ್ಲ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವುದು ಕನ್ನಡವೇ, ಕಂಪ್ಯೂಟರಿಗೆ ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು; ಸ್ಕ್ಯಾನ್ ಮಾಡಿದ್ದಾದರೆ ಬರೀ ಚಿತ್ರ. ಗಡಿನಾಡಿನ ಯಕ್ಷಗಾನ, ಪಾಡ್ದನ, ಹವ್ಯಕ ಮಾತು, ಶಾಸನ ಇವುಗಳ ಮೇಲೆ ವರ್ಷಗಟ್ಟಲೆ ದುಡಿದು ಬರೆದದ್ದು ಹೀಗೆ ಕಣ್ಮರೆಯಾಗಬಾರದು.

ಸಂಶೋಧನೆ ಮಾಡುತ್ತಿರುವ ತಮ್ಮಂದಿರೇ, ತಂಗಿಯರೇ, ಮೊದಲಿನಿಂದಲೇ ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರಿಗೂ ಕನ್ನಡವಾಗಿಯೇ ತಿಳಿಯುವ ಅಕ್ಷರ ವ್ಯವಸ್ಥೆಯಲ್ಲಿ ಬರೆಯಿರಿ. ಈಗಾಗಲೇ ಹಳೆಯ ಫಾಂಟಿನಲ್ಲಿ ಬರೆದಿದ್ದರೆ ಬದಲಿಸುವ ತಂತ್ರಾಂಶ ಪುಕ್ಕಟೆಯಾಗಿ ಸಿಗುತ್ತದೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಸರಿಯಾಗಿ ಬಂದಿವೆಯೇ ಎಂದು ಪುಟ ಪುಟ ನೋಡಿ, ಆಮೇಲೆ ವಿಶ್ವವಿದ್ಯಾಲಯಕ್ಕೆ ಕೊಡಿ.

ನಮಸ್ಕಾರ.