ತಂಪು ಮಾಡೋದಲ್ಲ, ಬಿಸಿ ಸಾಗಿಸೋದು

ಎಲ್ಲರಿಗೂ ನಮಸ್ಕಾರ.

‘ನಿಮ್ಮ ಕಂಪನಿ ಏನು ಮಾಡುತ್ತೆ?’ ಅಂತ ಕೇಳಿದರೆ ಮೊದಲೆಲ್ಲ ‘ತಂಪು ಮಾಡ್ತೀವಿ’ ಅನ್ನುತ್ತಿದ್ದೆ. ಅದು ತಪ್ಪು ಉತ್ತರ. ತಂಪನ್ನು ಯಾರೂ ಮಾಡೋಕಾಗಲ್ಲ. ಒಂದು ಕಡೆ ಇರುವ ಬಿಸಿಯನ್ನು ಎತ್ತಿ ಇನ್ನೊಂದು ಕಡೆ ಹಾಕಬಹುದು, ಅಷ್ಟೆ. ನಾವು ಬಿಸಿ ಸಾಗಿಸುವ ಹಮಾಲರು. ಬಿಸಿ ಹೊತ್ತು ಪೈಪಿನಲ್ಲಿ ಸುತ್ತುವ ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ ನಮ್ಮ ಬೆನ್ನು, ಕರೆಂಟ್ ಬಿಲ್ಲು ನಮ್ಮ ಕೂಲಿ.

ನಮ್ಮದು ಬೆರಳೆಣಿಕೆಯ ಜನರ ಸಂಸ್ಥೆ. ಡ್ರಾಯಿಂಗ್ ಮಾಡಿದವನೇ ಪೈಪ್ ಜೋಡಿಸುವಾಗ ಪಕ್ಕದಲ್ಲಿ ನಿಂತಿರುತ್ತಾನೆ. ರಾತ್ರಿ ಎರಡು ಗಂಟೆಗೆ ಅಲಾರಂ ಹೊಡೆದರೆ ಫೋನ್ ಬರೋದೂ ಅವನಿಗೇ. ದೊಡ್ಡ ಕಂಪನಿಗಳಲ್ಲಿ ಇವು ಮೂರು ಬೇರೆ ಬೇರೆ ವಿಭಾಗ. ನಮ್ಮಲ್ಲಿ ತಪ್ಪು ಮಾಡಿದವನಿಗೆ ತಪ್ಪಿನ ಸದ್ದು ನೇರವಾಗಿ ಕೇಳಿಸುತ್ತೆ.

ನಾನು ಕೇಳಿಸಿಕೊಂಡ ಒಂದು ಸದ್ದಿನ ಕಥೆ ಹೇಳ್ತೀನಿ. ಕೆಲಸಕ್ಕೆ ಸೇರಿದ ಹೊಸದು. ಒಂದು ಕೋಲ್ಡ್ ರೂಮಿಗೆ, ಅಂದರೆ ಸರಕನ್ನು ತಂಪಾಗಿಡುವ ಕೋಣೆಗೆ, ಬಿಸಿ ಎತ್ತುವ ಶಕ್ತಿ 10 ಕಿಲೋವ್ಯಾಟ್ ಸಾಕು ಅಂತ ಲೆಕ್ಕ ಬಂತು. ಇರಲಿ ಅಂತ ನಾನು ಶೇಕಡಾ 20 ಸೇರಿಸಿದೆ, 12 ಆಯ್ತು. ನನ್ನ ಮೇಲಿನವರೂ ಇರಲಿ ಅಂತ ಇನ್ನೊಂದು 20 ಸೇರಿಸಿದರು, 14.4. ಆ ಸೈಜಿನ ಕಂಪ್ರೆಸರ್ ಇರಲಿಲ್ಲ, ಅದರ ಮೇಲಿನದು 16. ಅದನ್ನೇ ಕೂರಿಸಿದೆವು. ಎಲ್ಲರಿಗೂ ಖುಷಿ, ರೂಮು ಬೇಗ ತಣ್ಣಗಾಗುತ್ತೆ ಅಲ್ವಾ!

ಬೇಗ ತಣ್ಣಗಾಯ್ತು ನಿಜ. ಆದರೆ ಬೇಗ ನಿಂತಿತು ಕೂಡ. ಮತ್ತೆ ಶುರು, ಮತ್ತೆ ನಿಲ್ಲೋದು. ಪ್ರತಿ ಸಲ ಶುರುವಾದಾಗ ಕಂಪ್ರೆಸರಿನ ಎಣ್ಣೆ ಸ್ವಲ್ಪ ಗ್ಯಾಸಿನ ಜೊತೆ ಪೈಪಿಗೆ ಹೋಗುತ್ತೆ. ಮಷಿನ್ ಸಾಕಷ್ಟು ಹೊತ್ತು ಓಡಿದರೆ ಅದು ಸುತ್ತಿಕೊಂಡು ವಾಪಸ್ ಬರುತ್ತೆ. ಇಲ್ಲಿ ವಾಪಸ್ ಬರೋಕೆ ಪುರುಸೊತ್ತೇ ಇರಲಿಲ್ಲ. ಒಂದು ವರ್ಷವೂ ತುಂಬಿರಲಿಲ್ಲ, ಮೋಟಾರ್ ಸುಟ್ಟುಹೋಯಿತು. ಬಿಚ್ಚಿದಾಗ ಬಂದ ಹುಳಿ ಹುಳಿ ಸುಟ್ಟ ವಾಸನೆ ಈಗಲೂ ಮೂಗಿನಲ್ಲಿದೆ. ಹೊಸದನ್ನು ಹಾಕಿದ ಮೇಲೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಎಣಿಸಿದೆ. ಗಂಟೆಗೆ 22 ಸಲ ಶುರುವಾಗುತ್ತಿತ್ತು! ಅದರ ಅರ್ಧವೇ ಜಾಸ್ತಿ. ಅವತ್ತಿನಿಂದ ‘ಇರಲಿ’ ಅನ್ನೋ ಪದ ಕೇಳಿದರೆ ನನಗೆ ಭಯ.

ಹಾಗಾಗಿ ನಾವು ಮೊದಲು ಅಳೆಯುತ್ತೇವೆ. ಗಿರಾಕಿ ದೊಡ್ಡ ಮಷಿನ್ ಬೇಕು ಅಂತಾರೆ, ನಾವು ಒಂದು ವಾರ ಮೀಟರ್ ಹಾಕಿ ಬರ್ತೀವಿ. ಎಷ್ಟೋ ಸಲ ಬಾಗಿಲಿನ ಅಂಚಿನ ರಬ್ಬರ್ ಗ್ಯಾಸ್ಕೆಟ್ ಹರಿದಿರುತ್ತೆ, ರೂಮಿನ ಬಿಸಿ ಹೀರುವ ಪೈಪಿನ ಸುರುಳಿ, ಅಂದರೆ ಕಾಯಿಲ್ ಮೇಲೆ ಬೆರಳು ದಪ್ಪದ ಐಸ್ ಕಟ್ಟಿರುತ್ತೆ. ಇನ್ನು ಫ್ಯಾನ್. ರೂಮಿನ ಒಳಗಿನ ಫ್ಯಾನು ತಿಂದ ಕರೆಂಟೆಲ್ಲ ಅಲ್ಲೇ ಬಿಸಿಯಾಗುತ್ತೆ, ಆ ಬಿಸಿಯನ್ನೂ ನಾವೇ ಹೊರಗೆ ಹಾಕಬೇಕು. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಟ್ಟ ಹಾಗೆ. ಫ್ಯಾನಿನ ವೇಗವನ್ನು ಶೇಕಡಾ 80ಕ್ಕೆ ಇಳಿಸಿದರೆ ಅದಕ್ಕೆ ಬೇಕಾದ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತೆ. ಇಂಥ ಸಲಹೆಯಿಂದ ನಮಗೆ ದೊಡ್ಡ ಬಿಲ್ ಆಗಲ್ಲ, ಗಿರಾಕಿ ಮಾತ್ರ ಬಿಟ್ಟು ಹೋಗಲ್ಲ.

ಈಗ ನನಗೆ ತುಂಬಾ ಇಷ್ಟದ ವಿಷಯ. ಎತ್ತಿದ ಬಿಸಿಯನ್ನು ಎಲ್ಲಿ ಹಾಕ್ತೀವಿ? ಹೆಚ್ಚಿನವರು ಕಟ್ಟಡದ ಹಿಂದೆ ಗಾಳಿಗೆ ಬಿಡುತ್ತಾರೆ. ಹಾಲು ತಂಪು ಮಾಡುವ ಜಾಗ ನೋಡಿ. ಸಾವಿರ ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಸುಮಾರು 34 ಯೂನಿಟ್‌ನಷ್ಟು ಬಿಸಿ ತೆಗೆಯಬೇಕು. ಅದಕ್ಕೆ ಕಂಪ್ರೆಸರ್ 11 ಯೂನಿಟ್ ತಿಂದರೆ ಹೊರಗೆ ಹೋಗೋದು 45. ಅದೇ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಟ್ಯಾಂಕ್ ತೊಳೆಯೋಕೆ ಅಂತ ಹೀಟರ್ ಹಾಕಿ ನೀರು ಕಾಯಿಸುತ್ತಿರುತ್ತಾರೆ! ನಡುವೆ ಗ್ಯಾಸಿನ ಬಿಸಿಯನ್ನು ನೀರಿಗೆ ದಾಟಿಸುವ ಒಂದು ಹೀಟ್ ಎಕ್ಸ್‌ಚೇಂಜರ್ ಕೂರಿಸಿದರೆ ಎರಡೂ ಕೆಲಸ ಒಂದೇ ಕರೆಂಟಿನಲ್ಲಿ.

ಪೂರ್ತಿ ಪುಕ್ಕಟೆ ಅಂದುಕೊಳ್ಳಬೇಡಿ. ಕಂಪ್ರೆಸರಿನಿಂದ ಹೊರಬರುವ ಗ್ಯಾಸ್ ತುಂಬಾ ಬಿಸಿ ಇರುತ್ತೆ, ಆದರೆ ಆ ಭಾಗದಲ್ಲಿ ಸಿಗೋದು ಒಟ್ಟು ಬಿಸಿಯ ಸಣ್ಣ ಪಾಲು. ಎಲ್ಲ ಬಿಸಿಯೂ 55 ಡಿಗ್ರಿಯಲ್ಲೇ ಬೇಕು ಅಂದರೆ ಗ್ಯಾಸ್ ಬಿಸಿ ಬಿಟ್ಟು ದ್ರವವಾಗುವ ಕಂಡೆನ್ಸರಿನ ಒತ್ತಡ ಏರಿಸಬೇಕು, ಒತ್ತಡ ಏರಿದರೆ ಅಲ್ಲಿನ ಡಿಗ್ರಿಯೂ ಏರುತ್ತೆ. ಅಲ್ಲಿ ಏರಿಸುವ ಒಂದೊಂದು ಡಿಗ್ರಿಗೂ ಕಂಪ್ರೆಸರಿನ ಕರೆಂಟು ಶೇಕಡಾ 2-3 ಜಾಸ್ತಿ. ಎಲ್ಲಿ ನಿಲ್ಲಿಸಬೇಕು ಅನ್ನೋದೇ ನಮ್ಮ ಕಸುಬು. ಉಳಿದದ್ದು ಪೈಪು.

ಗ್ಯಾಸಿನ ಬಗ್ಗೆ ಹೇಳದಿದ್ದರೆ ನೀವೇ ಕೇಳ್ತೀರಿ. ಮೊದಲು ಅಮೋನಿಯಾ ಇತ್ತು. ವಿಷ ಅಂತ ಹೆದರಿ, 1928ರಲ್ಲಿ ಥಾಮಸ್ ಮಿಜ್ಲಿಯ ತಂಡ ಸಿಎಫ್‌ಸಿ ಅನ್ನೋ ಕ್ಲೋರಿನ್ ಇರುವ ಗ್ಯಾಸ್ ಕಂಡುಹಿಡಿಯಿತು. ವಿಷವಲ್ಲ, ಬೆಂಕಿ ಹತ್ತಲ್ಲ, ಎಲ್ಲರಿಗೂ ನಿರಾಳ. 1974ರಲ್ಲಿ ಮೊಲಿನಾ ಮತ್ತು ರೋಲಂಡ್ ಅನ್ನೋ ವಿಜ್ಞಾನಿಗಳು ಅದು ಓಝೋನ್ ಪದರವನ್ನು ತಿನ್ನುತ್ತೆ ಅಂದರು. 1987ರಲ್ಲಿ ಅದನ್ನು ತಡೆಯೋಕೆ ದೇಶಗಳ ನಡುವೆ ಮಾಂಟ್ರಿಯಲ್ ಒಪ್ಪಂದ ಆಯ್ತು. ಅದರ ಜಾಗಕ್ಕೆ ಬಂದ, ಕ್ಲೋರಿನ್ ಇಲ್ಲದ ಎಚ್‌ಎಫ್‌ಸಿ ಓಝೋನ್ ತಂಟೆಗೆ ಹೋಗಲಿಲ್ಲ, ಭೂಮಿಯನ್ನು ಕಾಯಿಸಿತು. ಆರ್-404ಎ ಅನ್ನೋ ಎಚ್‌ಎಫ್‌ಸಿ ಗ್ಯಾಸ್ 10 ಕಿಲೋ ಲೀಕ್ ಆದರೆ ಅದು ಸುಮಾರು 39 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ದೇಶಗಳು ಮತ್ತೆ ಸೇರಿ ಒಪ್ಪಿಕೊಂಡಾಗ ಎಚ್‌ಎಫ್‌ಸಿಗೂ ಕತ್ತರಿ ಬಿತ್ತು. ಈಗ ಮತ್ತೆ ಅಮೋನಿಯಾ, ಪ್ರೊಪೇನ್, ಇಂಗಾಲದ ಡೈಆಕ್ಸೈಡ್. ಸುತ್ತು ಹೊಡೆದು ಅಜ್ಜನ ಅಂಗಡಿಗೇ ಬಂದ ಹಾಗೆ.

ಯಾವುದು ಒಳ್ಳೆಯದು ಅಂತ ಕೇಳಬೇಡಿ. ಅಮೋನಿಯಾ ಮೂಗಿಗೆ ಬಡಿಯುತ್ತೆ. ಅದು ಅದರ ಗುಣವೂ ಹೌದು, ಲೀಕ್ ಆದರೆ ಮೀಟರ್ ಬೇಡ. ಪ್ರೊಪೇನಿಗೆ ಬೆಂಕಿಯ ಭಯ. ಇಂಗಾಲದ ಡೈಆಕ್ಸೈಡಿಗೆ ಬೆಂಕಿಯಿಲ್ಲ, ಆದರೆ ಹೊರಗೆ ಬಿಸಿಲು ಜೋರಾಗಿದ್ದರೆ ಒತ್ತಡ 90-100 ಬಾರ್. ಕಾರಿನ ಟಯರಿನಲ್ಲಿ ಎರಡೂವರೆ ಇರುತ್ತೆ, ಹೋಲಿಸಿ ನೋಡಿ. ನಮ್ಮಂಥ ಸಣ್ಣವರು ಎಲ್ಲವನ್ನೂ ಮಾಡ್ತೀವಿ ಅಂತ ಹೊರಡಬಾರದು. ದೊಡ್ಡ ಅಮೋನಿಯಾ ಪ್ಲಾಂಟ್ ಕೆಲಸ ಬಂದರೆ ಅದರಲ್ಲಿ ಪಳಗಿದವರ ಹತ್ತಿರ ಕಳಿಸ್ತೀವಿ. ಒಮ್ಮೊಮ್ಮೆ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ.

ಪ್ರಶ್ನೆ ಇದ್ದರೆ ಈಗ ಕೇಳಿ. ನನ್ನ ಫೋನ್ ಮೇಜಿನ ಮೇಲೆ ಆನ್ ಆಗೇ ಇರುತ್ತೆ, ಬೇಜಾರಾಗಬೇಡಿ. ನಿನ್ನೆ ಶುರು ಮಾಡಿದ ರೂಮೊಂದು ಇವತ್ತು ಮೊದಲ ಸಲ ಡಿಫ್ರಾಸ್ಟ್‌ಗೆ, ಅಂದರೆ ಕಾಯಿಲ್ ಮೇಲಿನ ಐಸ್ ಕರಗಿಸೋಕೆ, ಹೋಗುತ್ತಿದೆ. ಅದರ ಡ್ರಾಯಿಂಗ್ ನನ್ನದೇ.