ಕಲಬುರಗಿಯಲ್ಲಿ ಕೂತು ಸಿಸ್ಟಮ್ಯಾಟಿಕ್ ರಿವ್ಯೂ: ನಮ್ಮ ನೀರು, ನಮ್ಮ ಮಕ್ಕಳ ಹಲ್ಲು

ಎಲ್ಲರಿಗೂ ಶರಣು. ಕಲಬುರಗಿಯ ಈ ಬಿಸಿಲಲ್ಲಿ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಅದಕ್ಕೇ ಇವತ್ತಿನ ವ್ಲಾಗ್ ಪೂರ್ತಿ ಲೈಬ್ರರಿಯಲ್ಲೇ.

ನಾನು ಪಬ್ಲಿಕ್ ಹೆಲ್ತ್ ವಿದ್ಯಾರ್ಥಿನಿ. ನನ್ನ ಪ್ರಶ್ನೆ ಇದು: ಕಲಬುರಗಿ, ಯಾದಗಿರಿ ಭಾಗದ ಶಾಲಾ ಮಕ್ಕಳಲ್ಲಿ ಡೆಂಟಲ್ ಫ್ಲೋರೋಸಿಸ್ ಎಷ್ಟಿದೆ? ಹಲ್ಲಿನ ಮೇಲೆ ಬಿಳಿ, ಕಂದು ಕಲೆ ನೋಡಿರುತ್ತೀರಿ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ನೀರು ಕುಡಿದರೆ ಹೀಗಾಗುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರ್‌ಗೆ 1.5 ಮಿಲಿಗ್ರಾಂ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ.

ಸಿಸ್ಟಮ್ಯಾಟಿಕ್ ರಿವ್ಯೂ ಅಂದರೆ ಒಂದು ಪ್ರಶ್ನೆಯ ಮೇಲೆ ನಡೆದ ಎಲ್ಲ ಅಧ್ಯಯನಗಳನ್ನೂ ಕ್ರಮವಾಗಿ ಹುಡುಕಿ, ಆರಿಸಿ, ಒಟ್ಟಿಗೆ ನೋಡುವುದು; ಇಷ್ಟವಾದ ನಾಲ್ಕು ಪೇಪರ್ ಓದಿ ಬರೆಯುವುದಲ್ಲ. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಅನ್ನುವ ನಿಯಮ ಮೊದಲೇ ಬರೆದಿಡಬೇಕು. ನಾವು ಅದನ್ನು ಪ್ರಾಸ್ಪೆರೋದಲ್ಲಿ, ಅಂದರೆ ಇಂಥ ರಿವ್ಯೂಗಳ ಯೋಜನೆಯನ್ನು ಮೊದಲೇ ದಾಖಲಿಸುವ ತಾಣದಲ್ಲಿ, ನೋಂದಾಯಿಸಿದ್ದೇವೆ, ಉಚಿತ. ವರದಿ ಬರೆಯುವುದಕ್ಕೆ ಪ್ರಿಸ್ಮಾ 2020 ಅನ್ನುವ ಮಾರ್ಗಸೂಚಿಯ 27 ಅಂಶಗಳ ಪಟ್ಟಿ ಇದೆ.

ಈಗ ಸ್ಕ್ರೀನ್ ನೋಡಿ. ಇದು ಪಬ್‌ಮೆಡ್‌ನಲ್ಲಿ, ಅಂದರೆ ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ತಾಣದಲ್ಲಿ, ನಾವು ಹಾಕಿದ ಹುಡುಕು ಪದಗಳು. ಇಷ್ಟುದ್ದ ಯಾಕೆ? ಸುಮ್ನೆ 'ಕಲಬುರಗಿ' ಅಂತ ಹುಡುಕಿದರೆ ಹಳೆಯ ಪೇಪರ್‌ಗಳು ಸಿಗುವುದೇ ಇಲ್ಲ. 2014ರ ನವೆಂಬರ್‌ವರೆಗೆ ನಮ್ಮೂರಿನ ಅಧಿಕೃತ ಹೆಸರು ಗುಲ್ಬರ್ಗ. ಯಾದಗಿರಿ ಬೇರೆ ಜಿಲ್ಲೆಯಾಗಿದ್ದು 2009ರ ಕೊನೆಗೆ. ಅದಕ್ಕೂ ಮೊದಲು ಶಹಾಪುರದ ಹಳ್ಳಿಯಲ್ಲಿ ನಡೆದ ಅಧ್ಯಯನ ಗುಲ್ಬರ್ಗ ಜಿಲ್ಲೆಯ ಲೆಕ್ಕದಲ್ಲಿರುತ್ತದೆ. 2019ರ ಮೊದಲಿನವರು ಈ ಭಾಗವನ್ನು 'ಹೈದರಾಬಾದ್ ಕರ್ನಾಟಕ' ಅಂತ ಬರೆದಿರುತ್ತಾರೆ. ಎಲ್ಲ ಹೆಸರನ್ನೂ 'ಆರ್' ಹಾಕಿ ಜೋಡಿಸಬೇಕು, ಫ್ಲೋರೋಸಿಸ್ ಜೊತೆ 'ಆಂಡ್' ಹಾಕಬೇಕು. ಆಗ ಇವುಗಳಲ್ಲಿ ಯಾವುದಾದರೂ ಒಂದು ಹೆಸರು, ಜೊತೆಗೆ ಫ್ಲೋರೋಸಿಸ್ ಪದವೂ ಇರುವ ಪೇಪರ್ ಸಿಗುತ್ತದೆ. ದೂರದೂರಿನಲ್ಲಿ ಕೂತವರಿಗೆ ಇದು ಹೊಳೆಯುವುದು ಕಷ್ಟ. ಈ ಜಿಲ್ಲೆಗಳ ರಿವ್ಯೂ ತಂಡದಲ್ಲಿ ಇಲ್ಲಿಯವರು ಒಬ್ಬರಾದರೂ ಇರಲೇಬೇಕು ಅನ್ನುವುದು ಅದಕ್ಕೇ.

ಸಿಕ್ಕಿದ್ದನ್ನು ತೊಗರಿಬೇಳೆ ಹಸನು ಮಾಡಿದ ಹಾಗೆ ಆರಿಸಬೇಕು. ಯಾದಗಿರಿಯ ನನ್ನ ಗೆಳತಿ ಮತ್ತು ನಾನು, ಇಬ್ಬರೂ ಬೇರೆಬೇರೆಯಾಗಿ ರಯ್ಯಾನ್ ಅನ್ನುವ ಪೇಪರ್ ಆರಿಸುವ ಆ್ಯಪ್‌ನಲ್ಲಿ ನೋಡುತ್ತೇವೆ. ಅವಳು ಏನು ಒತ್ತಿದಳು ಅಂತ ನನಗೆ ಕಾಣುವುದಿಲ್ಲ. ಒಪ್ಪಿಗೆ ಆಗದಿದ್ದರೆ ನಮ್ಮ ಗೈಡ್ ಮೇಡಂ ತೀರ್ಮಾನ ಮಾಡುತ್ತಾರೆ.

ನನಗೆ ಜಾಸ್ತಿ ಕಾಳಜಿ ಇರುವುದು ಮುಂದಿನ ಹಂತದ ಬಗ್ಗೆ. ಒಂದು ಅಧ್ಯಯನ ಶಾಲೆಗೆ ಹೋಗಿ ಎಲ್ಲ ಮಕ್ಕಳ ಹಲ್ಲು ನೋಡಿರುತ್ತದೆ. ಇನ್ನೊಂದು ಆಸ್ಪತ್ರೆಯ ಒಪಿಡಿಗೆ ಬಂದವರನ್ನು ಮಾತ್ರ ನೋಡಿರುತ್ತದೆ. ಹಲ್ಲಿನ ತೊಂದರೆ ಇದ್ದವರೇ ಅಲ್ಲಿಗೆ ಬರುವುದು, ಅಲ್ವಾ? ಶೇಕಡಾವಾರು ಸಹಜವಾಗಿ ಏರುತ್ತದೆ. ಫ್ಲೋರೋಸಿಸ್ ಎಷ್ಟು ತೀವ್ರ ಅಂತ ಅಳೆಯಲು ಕೆಲವರು 1942ರ ಡೀನ್ಸ್ ಇಂಡೆಕ್ಸ್ ಬಳಸುತ್ತಾರೆ, ಕೆಲವರು ಬೇರೆ ಅಳತೆ. ಇವೆಲ್ಲವನ್ನೂ ಕೂಡಿಸಿ ಒಂದೇ ಸರಾಸರಿ ಕೊಟ್ಟರೆ ಅದು ಯಾವ ಊರಿನ ಮಕ್ಕಳದ್ದೂ ಆಗಿರುವುದಿಲ್ಲ. ಹೋಲಿಕೆ ಆಗದಿದ್ದರೆ ಕೂಡಿಸುವುದಿಲ್ಲ, ಬಿಡಿಬಿಡಿಯಾಗಿಯೇ ವಿವರಿಸುತ್ತೇವೆ.

ಡೇಟಾ ತುಂಬುವ ಎಕ್ಸೆಲ್ ಶೀಟನ್ನು ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ. ಪಿಎಚ್‌ಡಿ ಪ್ರಬಂಧಗಳನ್ನು ಶೋಧಗಂಗಾದಲ್ಲಿ, ಅಂದರೆ ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳ ಆನ್‌ಲೈನ್ ಭಂಡಾರದಲ್ಲಿ, ಹುಡುಕುತ್ತಿದ್ದೇವೆ. ಆನ್‌ಲೈನ್‌ಗೆ ಬರದ ಪಿಜಿ ಪ್ರಬಂಧ ಏನಾದರೂ ನಿಮ್ಮ ಕಾಲೇಜು ಲೈಬ್ರರಿಯಲ್ಲಿದ್ದರೆ, ಅದರ ಶೀರ್ಷಿಕೆ ಮತ್ತು ವರ್ಷ ಕಾಮೆಂಟ್‌ನಲ್ಲಿ ಹಾಕಿ. ಬಂದು ಓದುತ್ತೇವೆ.